ರಕ್ತದ ಡಾಕ್ಟ್ರು ಹೇಳಿದ್ದಿಷ್ಟೇ

ಇಲ್ಲ ಅತ್ತೆ, ನೀವು ಇನ್ಸುಲಿನ್ ಚುಚ್ಕೊಳ್ಳಿ. ನಾನು ಬಂದೆ ಅಂತ ಯಾಕೆ ನಿಲ್ಲಿಸ್ತೀರಿ, ತಿಂಡಿಗೆ ಹೊತ್ತಾಗಲ್ವಾ? ಶುಗರ್ ಏರಿಸ್ಕೊಂಡು ಆಮೇಲೆ ಸೊಸೆ ತಲೆಗೆ ಕಟ್ಬೇಡಿ. ನಾನು ಇಲ್ಲೇ ಕೂತು ನೋಡ್ತೀನಿ... ಯಾಕೆ ನಗ್ತೀರಿ? ಹೌದು, ಇಷ್ಟು ವರ್ಷ ನೀವು ಸೂಜಿ ತೆಗೆದ್ರೆ ಸಾಕು, ನಾನು ಅಡುಗೆಮನೆಗೆ ಓಡ್ತಿದ್ದೆ. ಇವತ್ತು ಓಡಲ್ಲ. ಸೊಸೆಗೂ ಒಂದೊಂದ್ಸಲ ಧೈರ್ಯ ಬರುತ್ತೆ.

ಹೇಳ್ತೀನಿ, ಹೇಳ್ತೀನಿ. ಅದಕ್ಕೇ ಅಲ್ವಾ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಹೋಗೋ ಮುಂಚೆ ಮೆಟ್ಟಿಲಿಳಿದು ಬಂದಿದ್ದು. ಮೊನ್ನೆ ನಿಮ್ಮ ಮಗನಿಗೆ ರಜೆ ಸಿಗ್ಲಿಲ್ಲ, ನಾನೊಬ್ಳೇ ಹೋಗಿದ್ದೆ. ನಮ್ಮ ಹೆಂಗಸರ ಡಾಕ್ಟ್ರು ಹೇಳಿದ್ರಲ್ಲ... ಇವಳಿಗೆ ವರ್ಷಗಟ್ಲೆ ಬಸಿರು ನಿಲ್ಲೋದೇ ಇಲ್ಲ, ನಿಂತ ಮೂರು ಸಲವೂ ಉಳೀಲಿಲ್ಲ, ಒಮ್ಮೆ ರಕ್ತದ ಡಾಕ್ಟ್ರು ನೋಡ್ಲಿ ಅಂತ.

ಅಲ್ಲಿಗೆ ಹೋದ್ರೆ ವಾಪಸ್ ಬಂದ್ಬಿಡೋಣ ಅನ್ನಿಸ್ತು ಅತ್ತೆ. ಬಾಗಿಲ ಮೇಲೆ ‘ರಕ್ತ ಮತ್ತು ಕ್ಯಾನ್ಸರ್ ವಿಭಾಗ’ ಅಂತ ಬರೆದಿದೆ. ಒಳಗೆ ತಲೆಗೆ ಬಟ್ಟೆ ಕಟ್ಕೊಂಡೋರು, ಮಾಸ್ಕ್ ಹಾಕ್ಕೊಂಡೋರು. ಪಕ್ಕದಲ್ಲಿ ಕೂತಿದ್ದಾಕೆ, ನನ್ನ ವಯಸ್ಸೇ ಇರ್ಬೇಕು, ನಿಮಗೆ ಎಷ್ಟನೇ ಸಲ ಅಂತ ಕೇಳಿದ್ಲು. ನಾನು ಅದಕ್ಕಲ್ಲ ಅನ್ನೋಕೂ ನಾಚಿಕೆ. ಮೊದಲನೇ ಸಲ ಅಂದೆ. ಹೆದರ್ಬೇಡಿ, ಅಭ್ಯಾಸ ಆಗುತ್ತೆ ಅಂದ್ಲು.

ಡಾಕ್ಟ್ರು ಒಳ್ಳೆಯವ್ರೇ. ಯಾವಾಗ್ಲಾದ್ರೂ ಕಾಲು ಊದಿತ್ತಾ, ಮನೇಲಿ ಯಾರಿಗಾದ್ರೂ ಚಿಕ್ಕ ವಯಸ್ಸಲ್ಲೇ ಲಕ್ವ ಹೊಡೆದಿತ್ತಾ, ಎಲ್ಲ ಕೇಳಿದ್ರು. ಒಂದೊಂದೂ ಎಷ್ಟನೇ ತಿಂಗಳಿಗೆ ಹೋಯ್ತು ಅಂತಾನೂ ಕೇಳಿದ್ರು... ಬಸ್ಸು ಎಷ್ಟೊತ್ತಿಗೆ ಅಂತ ಕೇಳಿದ್ರೆ ಹೇಳ್ತೀವಲ್ಲ, ಹಾಗೆ ಹೇಳ್ಬಿಟ್ಟೆ. ಅಳು ಬರ್ಲಿಲ್ಲ. ಆಮೇಲೆ ರಕ್ತ ತೆಗೆದ್ರು, ತೆಗೆದ್ರು, ತೆಗೀತಾನೇ ಇದ್ರು. ಕೆಲವರ ರಕ್ತ ಬೇಗ ಹೆಪ್ಪುಗಟ್ಟುತ್ತಂತೆ. ಮಗೂಗೆ ರಕ್ತ ಹೋಗೋ ದಾರಿ ಕೂದಲೆಳೆಯಷ್ಟು ಸಣ್ಣ, ಅಲ್ಲಿ ಗಂಟಾಗಿಬಿಟ್ರೆ ಮುಗೀತು. ನಂಗೂ ಹಾಗೇ ಇರಬಹುದು, ಇಲ್ದೇನೂ ಇರಬಹುದು. ಈಗ ರಿಪೋರ್ಟ್ ಬಂದ್ರೂ ಗಟ್ಟಿಯಾಗಿ ಹೇಳೋಕಾಗಲ್ಲ, ಮೂರು ತಿಂಗಳು ಬಿಟ್ಟು ಮತ್ತೆ ನೋಡ್ಬೇಕಂತೆ.

ಏನೂ ಇಲ್ಲದಿರ್ಲಿ ಅನ್ಬೇಡಿ ಅತ್ತೆ! ಏನೂ ಇಲ್ಲ ಅಂದ್ರೆ ಮೂರೂ ಯಾಕೆ ಹೋದ್ವು? ಏನೋ ಇದೆ ಅಂದ್ರೆ ಅದಕ್ಕೆ ಔಷಧಿ ಇದೆ. ಆದ್ರೆ ಇದೆ ಅಂದ್ರೆ... ನನ್ನ ರಕ್ತಾನೇ ನನ್ನ ಮಕ್ಕಳಿಗೆ ಮುಳುವಾಯ್ತು ಅಂತಾಗುತ್ತೆ. ಎರಡಕ್ಕೂ ಭಯ ನಂಗೆ. ಬೇಡ, ತಲೆ ಸವರ್ಬೇಡಿ. ಸಮಾಧಾನ ಮಾಡಿದ್ರೆ ಅಳು ಬರುತ್ತೆ. ಕಣ್ಣು ಕೆಂಪು ಮಾಡ್ಕೊಂಡು ಕೂತ್ರೆ ಗಿರಾಕಿಗಳು, ಮೊದ್ಲು ನೀವೊಂದು ಕನ್ನಡಕ ಹಾಕ್ಕೊಳ್ಳಿ ಅಂತಾರೆ.

ಕೊನೆಗೆ ಅವರು ಹೇಳಿದ್ದಿಷ್ಟೇ. ಮತ್ತೆ ನಿಂತ್ರೆ... ನಿಂತ್ರೆ ಮಾತ್ರ... ಅವತ್ತಿಂದ್ಲೇ ದಿನಾ ಒಂದು ಇಂಜೆಕ್ಷನ್. ರಕ್ತ ತೆಳು ಮಾಡೋದು. ಹೊಟ್ಟೆಗೇ, ನಿಮ್ಮದರ ಥರಾನೇ. ಇಗೋ, ಡಬ್ಬಿ. ಮುಂಚೇನೇ ಇರ್ಲಿ ಅಂತ ಕೊಟ್ಟಿದ್ದಾರೆ. ನರ್ಸು ಒಂದ್ಸಲ ತೋರಿಸಿದ್ರು, ನಾನು ಗೋಡೆ ನೋಡ್ತಿದ್ದೆ. ಅದಕ್ಕೇ ನಿಮ್ಮ ಹತ್ರ ಕಲ್ತಿರೋಣ ಅಂತ. ನಿಮ್ಮ ಮಗನಾ? ಚೆನ್ನಾಗಿ ಹೇಳಿದ್ರಿ. ಬೆರಳಿಗೆ ಮುಳ್ಳು ಚುಚ್ಚಿದ್ರೆ ಮಲಗೋ ಮನುಷ್ಯ.

ಹಾಗಾ... ಹೊಕ್ಕುಳಿಂದ ಅಷ್ಟು ದೂರ. ಚರ್ಮ ಹೀಗೆ ಹಿಡ್ಕೊಂಡು ನೆಟ್ಟಗೆ. ತಕ್ಷಣ ಎಳೀಬಾರ್ದಾ? ಎಳೆದ್ರೆ ಏನಾಗುತ್ತೆ? ಅರ್ಧ ಒಳಗೆ ಹೋಗಿ ಅರ್ಧ ಹೊರಗೆ ಚೆಲ್ಲಿದ್ರೆ? ಹೋಗಿರೋ ಅಷ್ಟು ಸಾಕಾಗುತ್ತಾ?... ಇಲ್ಲಪ್ಪ, ಸುಮ್ನೆ ಕೇಳ್ದೆ. ಕಲಿಯೋರು ಕೇಳ್ಬೇಕಲ್ವಾ.

ನನ್ನ ಹೊಟ್ಟೆ ಯಾಕೆ? ಆ ದಿಂಬಿನ ಮೇಲೆ ತೋರ್ಸಿ, ಸಾಕು. ಜಾಗ ತೋರಿಸ್ತೀರಾ... ಬೇಡ ಅತ್ತೆ, ಇನ್ನೊಂದ್ಸಲ. ಅಯ್ಯೋ, ಇರಿ, ನಾನೇ ಸೆರಗು ಸರಿಸ್ತೀನಿ.

ಆ ನೀಲಿ ಕಲೆನಾ? ಅದೇನಿಲ್ಲ. ಅಂಗಡೀಲಿ ಫ್ರೇಮ್ ಇಡೋ ಡ್ರಾಯರ್ ತಾಗ್ತು. ಮೊನ್ನೆ... ಅಲ್ಲ, ನಿನ್ನೆ. ಡ್ರಾಯರ್ ಮೂಲೆ. ನೋವೇನಿಲ್ಲ.

ಅತ್ತೆ?

ನಿಮ್ಮ ಬಟ್ಟೆ ಯಾಕೆ ಮತ್ತೆ ಸರಿಸ್ತಿದ್ದೀರಿ? ಏನು ತೋರಿಸ್ತಿದ್ದೀರಿ...

ಹೂಂ. ನಿಮ್ಮ ಹೊಟ್ಟೆ ಮೇಲೂ ಅಂಥದ್ದೇ ಇದೆ, ಸೂಜಿ ಚುಚ್ಚಿದ ಕಡೆ. ಅಷ್ಟೇ ದುಂಡಗೆ, ಅಷ್ಟೇ ನೀಲಿ.

ಹೂಂ, ಅತ್ತೆ. ನಿಂತಿದೆ.

ನಿನ್ನೆ ಬೆಳಿಗ್ಗೆ ಮನೇಲೇ ಟೆಸ್ಟ್ ಮಾಡಿ ನೋಡ್ದೆ. ನಿಮ್ಮ ಮಗನಿಗೂ ಹೇಳಿಲ್ಲ. ಮೂರು ಸಲವೂ ಎಲ್ಲರಿಗೂ ಹೇಳಿದ್ವಿ, ಮೂರು ಸಲವೂ ಹೋಯ್ತು ಅಂತ ಒಬ್ಬೊಬ್ಬರಿಗೂ ಮತ್ತೆ ಹೇಳ್ಬೇಕಾಯ್ತು. ಈ ಸಲ ಹೋದ್ರೆ ನಂಗೊಬ್ಳಿಗೇ ಹೋಗ್ಲಿ ಅಂತ... ನಿನ್ನೆ ಬಾತ್‌ರೂಮಲ್ಲಿ ಚುಚ್ಕೊಂಡೆ. ಹೆದರಿ ಅರ್ಧಕ್ಕೇ ಎಳೆದ್ಬಿಟ್ಟೆ, ಔಷಧಿ ನೆಲದ ಮೇಲೆ ಚೆಲ್ತು. ಡಾಕ್ಟ್ರಿಗೆ ಫೋನ್ ಮಾಡೋಕೂ ಭಯ, ತಪ್ಪಾಯ್ತು ಅಂದ್ಬಿಟ್ರೆ? ಇವತ್ತಿಂದು ಇನ್ನೂ ಆಗಿಲ್ಲ. ನನ್ನ ಕೈಯಲ್ಲಿ ಆಗಲ್ಲ ಅತ್ತೆ. ಆಗಲ್ಲ.

ಬೈಯಿರಿ, ಪರವಾಗಿಲ್ಲ. ಎಲ್ಲಿಗೆ ಎದ್ರಿ? ಅತ್ತೆ...

ಕೈ ತೊಳ್ಕೊಂಡು ಬಂದ್ರಾ.

ಇಲ್ಲೇ ಮಲಗ್ಲಾ? ಸರಿ. ನಾನು ಗೋಡೆ ಕಡೆ ತಿರುಗ್ತೀನಿ, ನೀವೇ ಹಿಡ್ಕೊಳ್ಳಿ.

ಅತ್ತೆ... ದಿನಾ ಚುಚ್ಕೊಳ್ಳೋರು ನೀವು. ನಿಮ್ಮ ಕೈ ಯಾಕೆ ನಡುಗ್ತಿದೆ?