ಬಂಡಮ್ಮನ ಬ್ಯಾನಿ

ಏನೂ ಇಲ್ಲ ಅಂದ್ರ ಹ್ಯಾಂಗರೀ ಡಾಕ್ಟರಬಾಯಿ! ಇನ್ನೊಮ್ಮಿ ನೋಡ್ರಿ, ಬ್ಯಾಟರಿ ಹಚ್ಚಿ ನೆಟ್ಟಗ ನೋಡ್ರಿ. ದೇವಣಿಯಿಂದ ಉದಗೀರ ತನಕಾ ಎತ್ತಿನ ಗಾಡ್ಯಾಗ ಮೈಯೆಲ್ಲ ನುಗ್ಗಾಗಿ ಬಂದದ್ದು, ಏನೂ ಇಲ್ಲ ಅಂತ ಕೇಳ್ಲಾಕ? ಏ ಬಂಡಮ್ಮಾ, ಏಳಬ್ಯಾಡ! ಟೇಬಲ್ ಮ್ಯಾಲೇ ಮಲಗು!

ಯಾಕ್ರೀ, ನಗ್ತೀರಿ? ನಾ ಹೇಳಿದ್ದೆಲ್ಲಾ ಖರೇ ಅದ. ಮುಟ್ಟು ನಿಂತು ಎಷ್ಟೋ ವರ್ಷ ಆದಮ್ಯಾಲ ಮತ್ತ ರಕ್ತ. ಮ್ಯಾಲ ವಾಸನಿ... ಬಟ್ಟಿ ಒಯ್ಯಲಾಕ ಬಂದ ಅಗಸರಾಕಿ ಮೂಗು ಮುಚ್ಕೋತಾಳ.

ಏನು? ಆಕಿಗ ಇನ್ನಾ ತಿಂಗಳಾ ತಿಂಗಳಾ ಆಗ್ತದಂತ? ನಿಮಗ ಹೇಳಿದಳೇನು? ಬಾಯಿಗಿ ಬಿಗಿನೇ ಇಲ್ಲ ಇಕಿಗ! ಕಳೇ ತೆಗೆಯೋ ಆಳು... ಆಕಿಗೆಲ್ಲಿ ನೆನಪಿರ್ತದರೀ!

ಆಕಿಗ ಕೇಳಿ ಕರ್ಕೊಂಡ ಬಂದ್ರೇನು ಅಂದ್ರ... ಕೇಳೋದೇನದ? ಗಾಡಿ ಹತ್ತು ಅಂದೆ, ಹತ್ತಿದಳು. ಬ್ಯಾರೆ ದಿವಸ ಆ ಗಾಡಿ ಮುಟ್ಟಿದ್ರ ನಮ್ಮ ಮನಿಯವರು, ಮನ್ಮಥಪ್ಪನವರು, ಬೈತಾರ. ಇವತ್ತ 'ಆಳಿಗಿ ತೋರಿಸ್ಕೊಂಡ ಬಾ, ಪುಣ್ಯಾ ಬರ್ತದ' ಅಂದ್ರು. ಮನಿ ಹೆಣ್ಮಕ್ಕಳ ಮಾತಾಗಿದ್ರ? 'ನಮ್ಮ ಮನ್ಯಾಕಿ ದವಾಖಾನ್ಯಾಗ ಹಾಂಗ ಮಲಗಿದ್ರ ನಾ ಮಠದಾಗ ಹ್ಯಾಂಗ ಕುಂಡ್ರಲಿ' ಅಂತಾರ. ಹೋರಿ ಒಂದ ಸರ್ತಿ ಕೆಮ್ಮಿದ್ರ ಸಾಕು, ದನದ ಡಾಕ್ಟರಗ ಕರೀಲಾಕ ಆಳು ಓಡ್ತದ. ಬಾಲಾ ಎತ್ತಿ ನೋಡಿದ್ರೂ ಯಾರ ಮಾನಾ ಹೋಗಂಗಿಲ್ಲ! ಈಗ ನಗ್ರಿ.

ನಿಜಾಮನ ಕಾಲದಾಗ ಹಕೀಮಸಾಹೇಬರು ಪಡದಾದ ಆಚಿ ಕಡಿ ಕುಂತು, ದಾಸಿ ಹೇಳಿದ್ದು ಕೇಳಿ ಪುಡಿ ಕೊಡ್ತಿದ್ರು. ಬ್ಯಾನಿ ಯಾರದು ಅಂತ ಕೇಳ್ತಿದ್ದಿಲ್ಲ. ನಿಮ್ದೊಂದ ಹಟಾ, ನೋಡಲಾರದೆ ಔಷಧ ಕೊಡಂಗಿಲ್ಲ ಅಂತ! ನಮ್ಮಕ್ಕ ಪ್ರಯಾಗಬಾಯಿ ಆ ಪುಡಿ ತಿಂದು ತಿಂದು... ಹಿತ್ತಲ ಖೋಲ್ಯಾಗ... ಕಡೀಕ ಆ ವಾಸನಿಗಿ ಹೆತ್ತ ಮಕ್ಕಳೂ ಹತ್ರ ಹೋಗಲಿಲ್ಲ. ಇದು ಮೊದಲೇ ಸಿಕ್ಕರ ವಾಸಿ ಆಗ್ತದಂತ ಹೌದಲ್ರೀ? ನೀವೇ ಅಂದೀರಂತ. ಅದಕ್ಕೇ ಹೇಳ್ಲಕತ್ತೀನಿ, ಏನರ ಕೊಡ್ರಿ... ಬಂಡಮ್ಮಗ.

ಅಗಸರಾಕಿ? ಹೌದು, ಅಂದೆ. ಬಂಡಮ್ಮನ ಬಟ್ಟಿ ಯಾವ ಅಗಸರಾಕಿ ಒಗೀತಾಳ ಅಂದ್ರ... ಅದು... ಆಕಿ ಹಳ್ಳಕ್ಕ ಹೋಗಿ ತಾನೇ... ಅಯ್ಯ, ನೀವೇನರೀ, ಪೊಲೀಸರಂಗ!

ಬೈರಿ ಬೇಕಾದ್ರ. ಹಾಂಗ ನನ್ನ ಸೀರಿ ಕಡಿ ನೋಡಬ್ಯಾಡ್ರಿ.

ಚಿಲಕಾ ಯಾಕ ಹಾಕಿದ್ರಿ? ಚಾದರ ಯಾಕ ಬದಲ ಮಾಡ್ಲಕತ್ತೀರಿ?... ಡಾಕ್ಟರಬಾಯಿ?...

ಕೊಳ್ಳಾಗಿನ ಲಿಂಗಾ ತೆಗಿಯಂಗಿಲ್ಲ, ಮೊದಲೇ ಹೇಳ್ತೀನಿ.

ಬಂಡಮ್ಮಾ, ಇಳಿ ನೀ ಕೆಳಗ. ಅಲ್ಲೇ ಮೂಲ್ಯಾಗ ಕುಂಡ್ರು. ಹೊರಗ ಮಾತ್ರ ಹೋಗಬ್ಯಾಡ, ನಿನ್ನ ಕೈ ಮುಗೀತೀನಿ. ಗಾಡಿ ಹೊಡಿಯಾವ ಭೀಮಶಾ ಅಲ್ಲೇ ಕುಂತಾನ. ನೀ ಹೊರಗ ಕಂಡ್ರ, ಒಳಗ ಯಾರ ಮಲಗ್ಯಾರಂತ ಅಂವಗ ತಿಳೀತದ.