ಉಕ್ಕಿದಾಗ ಕೊಡದ ಶರಬತ್ತು

ಒಂದು ಊರು. ಆ ಊರಿನಲ್ಲೊಬ್ಬ ಸಾಹುಕಾರ. ಜಿಪುಣನಲ್ಲ, ಪಾಪ, ಧಾರಾಳಿ. ಆದರೆ ನೋಡಿ, ಅವನ ಧಾರಾಳತನಕ್ಕೆ ಒಂದು ಫೋಟೋ ಬೇಕಿತ್ತು.

ಬೇಸಿಗೆಯಲ್ಲಿ ಬಸ್ ನಿಲ್ದಾಣದ ಮುಂದೆ ಮೇಜು ಹಾಕಿಸಿದ, ತನ್ನ ಹೆಸರಿನ ಬ್ಯಾನರ್ ಕಟ್ಟಿಸಿದ. ಬಾಯಾರಿದವರಿಗೆಲ್ಲ ನಿಂಬೆ ಶರಬತ್ತು! ಸಾದಾ ಅಲ್ಲ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಬುಸ್ಸೆಂದು ನೊರೆ ಉಕ್ಕುತ್ತದಲ್ಲ, ಅದು. ಲೋಟಗಳನ್ನು ಸಾಲಾಗಿ ಇಟ್ಟು ತಾನೇ ಸೋಡಾ ಹಾಕಿದ. ಉಕ್ಕಿತು. ಎಷ್ಟು ಚೆಂದ!

ಬಿಸಿಲಲ್ಲಿ ನಿಂತಿದ್ದ ಬಸುರಿಯೊಬ್ಬಳು ಕೈ ಚಾಚಿದಳು. "ಅಣ್ಣಾ, ಒಂದು ಲೋಟ ಕೊಡಿ. ತಲೆ ಸುತ್ತುತ್ತಿದೆ."

"ಒಂದೇ ನಿಮಿಷ ತಡಿಯಮ್ಮ, ಫೋಟೋದವನು ಬರ್ತಿದ್ದಾನೆ. ಮೊದಲನೇ ಲೋಟ ನಿನಗೇ!"

ಎಷ್ಟು ಒಳ್ಳೆಯ ಮಾತು, ಅಲ್ಲವೇ? ಮೊದಲನೇ ಲೋಟ ಅವಳಿಗೇ.

ಫೋಟೋದವನು ಬರಲಿಲ್ಲ. ನೊರೆ ಇಳಿಯಿತು. ಸಾಹುಕಾರ ಮತ್ತೆ ಸೋಡಾ ಹಾಕಿದ. ಒಂದಿಷ್ಟು ಉಕ್ಕಿ ಇಳಿಯಿತು. ಇನ್ನೂ ಹಾಕಿದ. ಏನೂ ಆಗಲಿಲ್ಲ.

"ನಿಂಬೆಯ ಹುಳಿಯೆಲ್ಲ ಮುಗಿದುಹೋಯ್ತು ಕಣ್ರೀ," ಎಂದಳು ಪಕ್ಕದಲ್ಲೇ ನಿಂತಿದ್ದ ಅವನ ಹೆಂಡತಿ. "ಇನ್ನು ಡಬ್ಬಿಯನ್ನೇ ಸುರಿದರೂ ಉಕ್ಕಲ್ಲ. ಬಾಯಿಗಿಟ್ಟರೆ ಸಾಬೂನು ನೀರು."

"ನೀನು ಸುಮ್ನಿರೇ. ಫೋಟೋದಲ್ಲಿ ರುಚಿ ಬೀಳುತ್ತಾ?"

ಅಷ್ಟರಲ್ಲಿ ಆ ಬಸುರಿ ಕುಸಿದು ಕೂತಳು. ಸಾಹುಕಾರನ ಹೆಂಡತಿ ಓಡಿಹೋಗಿ ತನ್ನ ಚೀಲದಲ್ಲಿದ್ದ ಬರೀ ನೀರು ಕುಡಿಸಿದಳು, ಸೆರಗಿನಿಂದ ಗಾಳಿ ಬೀಸಿದಳು, ಬಸ್ಸು ಬಂದಾಗ ಕೈ ಹಿಡಿದು ಹತ್ತಿಸಿದಳು. ಶರಬತ್ತಿಗೆ ಕಾದಿದ್ದ ಉಳಿದವರೂ ಅದೇ ಬಸ್ಸಿಗೆ ಹೊರಟರು.

ಆಮೇಲೆ ಬಂದ ನೋಡಿ ಫೋಟೋದವನು! "ಏನ್ ಸರ್, ನೊರೆಯೇ ಇಲ್ವಲ್ಲ? ಒಂದು ಕೋಲಾ ಬಾಟಲಿ ತರಿಸಿ, ಅದರೊಳಗೆ ಪೆಪ್ಪರ್‌ಮಿಂಟ್ ಹಾಕಿ, ನೊರೆ ತಾನಾಗೇ ಬರುತ್ತೆ."

ಸಾಹುಕಾರ ಒಂದು ಹಿಡಿ ಹಾಕಿದ. ಚಿಮ್ಮಿತು! ಬಿಳಿ ಜುಬ್ಬಾ, ಮೀಸೆ, ಬ್ಯಾನರು, ಎಲ್ಲ ಕಂದು ಬಣ್ಣ. ಫೋಟೋ ಮಾತ್ರ ಬಹಳ ಚೆನ್ನಾಗಿ ಬಂತಂತೆ. ನೊರೆ ಇದೆ, ಹೆಸರಿದೆ, ನಗುವೂ ಇದೆ. ಕುಡಿದವರು ಒಬ್ಬರೂ ಇಲ್ಲ.

ನಗುತ್ತಿದ್ದೀರಿ. ನಗಿ, ಪರವಾಗಿಲ್ಲ. ಆದರೆ ಆ ಸಾಹುಕಾರನಿಗೆ ನಾನು ಹೆಸರಿಡಲಿಲ್ಲ, ಗಮನಿಸಿದಿರಾ? ಬೇಕಾದವರು ತಮ್ಮದನ್ನೇ ಇಟ್ಟುಕೊಳ್ಳಲಿ ಎಂದು ಬಿಟ್ಟೆ.

ಕರುಣೆ ನಮ್ಮಲ್ಲೂ ಉಕ್ಕುತ್ತದೆ, ಇಲ್ಲವೆಂದವರು ಯಾರು? ಉಕ್ಕಿದ ಮೇಲೆ ಏನು ಮಾಡುತ್ತೇವೆ? ಹಬ್ಬ ಬರಲಿ ಅನ್ನುತ್ತೇವೆ. ನಾಲ್ಕು ಜನ ಸೇರಲಿ ಅನ್ನುತ್ತೇವೆ. ಅಷ್ಟರಲ್ಲಿ ಅದು ಇಳಿದಿರುತ್ತದೆ. ಪಾತ್ರೆ ತೊಳೆಯಲು ಬಂದವಳಿಗೆ ಕಾಫಿ ಕೊಡೋಣ ಅನ್ನಿಸಿತೇ? ಬಿಸಿ ಇರುವಾಗಲೇ ಕೊಡಿ. ಪಕ್ಕದ ಮನೆಯವರು ಆಸ್ಪತ್ರೆಯಲ್ಲಿದ್ದಾರೆ, ನೋಡಬೇಕು ಅನ್ನಿಸಿತೇ? ಆಗಲೇ ಚಪ್ಪಲಿ ಮೆಟ್ಟಿ. ನಾಳೆಯಿಂದ ಇಷ್ಟು ಮಾಡಿ.

ನಾಳೆಯಿಂದ ಯಾಕೆ? ಅಗೋ, ಈ ಸಭಾಂಗಣದ ಬಾಗಿಲ ಹತ್ತಿರ ಅಜ್ಜ ಒಬ್ಬರು ಆಗಿನಿಂದ ನಿಂತೇ ಇದ್ದಾರೆ. ಇಲ್ಲಿ ಎರಡನೇ ಸಾಲಿನ ಕುರ್ಚಿಯಲ್ಲಿ ಒಂದು ಕೈಚೀಲ ಆರಾಮವಾಗಿ ಕೂತಿದೆ. ನಿಮಗೆ ಪಾಪ ಅನ್ನಿಸಿದೆ, ಮುಖದಲ್ಲೇ ಕಾಣುತ್ತಿದೆ. ಚೀಲ ಎತ್ತಿಕೊಳ್ಳಿ ತಾಯಿ. ನನ್ನ ಮಾತು ಮುಗಿಯಲಿ ಅಂತ ಕಾಯಬೇಡಿ.