ಮೂರು ಹಲ್ಲಿನ ಕೀ

...ಫ್ಯಾನು ಅಣ್ಣ, ಫ್ಯಾನು! ಎಷ್ಟು ಸಲ ಹೇಳಲಿ? ಆ ಹಾಳು ಕೀಯನ್ನ ಮುಷ್ಟಿಯಲ್ಲಿ ಹಿಡಿದು ನಾನು ಮೊದಲು ಕೇಳಿದ್ದು ಅಂಗಡಿ ಫ್ಯಾನು ತಿರುಗಲಿ ಅಂತ. ಅಷ್ಟೇ. ಇನ್ನೇನೂ ಇಲ್ಲ. ಬೇಕಾದ್ರೆ ತಲೆಯೆತ್ತಿ ನೋಡು.

ತಿರುಗ್ತಾ ಇಲ್ಲ, ಹೌದು. ಕರೆಂಟಿಲ್ಲ ಅಂತ ಹೇಳೋಣ ಅಂದ್ರೆ ಕೀ ಕೊರೆಯೋ ಮಷೀನಿನ ದೀಪ ಉರೀತಾ ಕೂತಿದೆ, ಮನೆಹಾಳು ದೀಪ.

ಇರಲಿ, ಅದು ಆಮೇಲೆ. ಕಾಲು ಸ್ವಲ್ಪ ಎತ್ತು, ಗುಡಿಸ್ತೀನಿ. ಎಷ್ಟು ಮಣ್ಣು ಹೊತ್ತು ತಂದಿದ್ದೀಯಪ್ಪ! ನಾವು ಹಾಕಿದ್ದೇ ಇಷ್ಟಿರಲಿಲ್ಲ. ನಾನಂತೂ ಹಾಕಿದ್ದು ಒಂದೇ ಹಿಡಿ. ಎತ್ತಲ್ವಾ ಕಾಲು? ಸರಿ, ಸುತ್ತ ಗುಡಿಸ್ತೀನಿ ಬಿಡು. ಬದುಕಿದ್ದಾಗಲೂ ನೀನು ಎತ್ತಿದವನಲ್ಲ.

ಹನ್ನೊಂದು ದಿನ ಆಯ್ತು ಅಣ್ಣ ನಿನ್ನನ್ನ ಮಣ್ಣು ಮಾಡಿ. ಇವತ್ತು ಬೆಳಿಗ್ಗೆ ಹತ್ತೂವರೆಗೆ ನೀನು ನಡ್ಕೊಂಡು ಅಂಗಡಿಗೆ ಬಂದೆ. ಈಗ ಹನ್ನೆರಡೂ ಇಪ್ಪತ್ತು. ಒಂದು ಗಂಟೆಗೆ ಅತ್ತಿಗೆ ಬರ್ತಾರೆ. ನಿನ್ನ ಕನ್ನಡಕ ತಗೊಂಡು ಹೋಗೋಕೆ. ಕನ್ನಡಕ ಬರೀ ನೆಪ. ಅವರು ಬರೋದು ನನ್ನನ್ನ ಇನ್ನೊಂದು ಸಲ ಕೇಳೋಕೆ... "ಅವರ ಕೊನೇ ಮಾತು ಏನು?" ಅಂತ. ಆಸ್ಪತ್ರೆ ಬಾಗಿಲಲ್ಲಿ ಕೇಳಿದಾಗ ಬಾಯಿಗೆ ಬಂದದ್ದು ಹೇಳಿಬಿಟ್ಟೆ. ನಿಮ್ಮ ಹೆಸರು ಹಿಡಿದು ಕರೆದ ಅಂತ.

ಹಾಗೆ ನೋಡಬೇಡ, ಗೊತ್ತು ನನಗೆ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಒಂದು ದಿನ ನೀನು ಅವರ ಹೆಸರು ಹಿಡಿದು ಕರೆದವನಲ್ಲ. "ಏಯ್, ಕೇಳಿಸ್ತಾ?" ಅಂದ್ರೆ ಅವರೇ ಅಂತ ಲೆಕ್ಕ. ನಾನು ಹೇಳಿದ್ದು ಕೇಳಿ ಅವರು ಅಳೋದನ್ನ ನಿಲ್ಲಿಸಿ ನನ್ನ ಮುಖಾನೇ ನೋಡಿದ್ರು. ಸುಳ್ಳು ಹೇಳಿದ್ರೂ ಸತ್ಯದ ತಲೆ ಮೇಲೆ ಹೊಡೆದ ಹಾಗೆ ಹೇಳಬೇಕು ಅಂತಾರಲ್ಲ, ಇದು ನನ್ನ ತಲೆ ಮೇಲೇ ಬಿತ್ತು.

ನಿನ್ನೆ ರಾತ್ರಿ ಮೊದಲ ಸಲ ನಿದ್ದೆ ಮಾಡಿದ್ದಾರಂತೆ. ಇವತ್ತು ಬಂದು ನಿನ್ನನ್ನ ಹೀಗೆ ನೋಡಿದ್ರೆ... ಹೊಸ ಶರ್ಟು, ಕಾಲರಿನ ಗುಂಡುಸೂಜಿ ಕೂಡ ತೆಗೆದಿಲ್ಲ, ಕಿವಿಯಲ್ಲಿ ಮಣ್ಣು... ಇಲ್ಲ ಅಣ್ಣ. ಅವರು ನೋಡಬಾರದು. ಒಂದು ಗಂಟೆಯೊಳಗೆ ಇದೊಂದು ತೀರ್ಮಾನ ಆಗಬೇಕು.

ಯಾರೂ ನೋಡಿಲ್ಲವಾ ಅಂತೀಯಾ? ಎದುರಿನ ಜೆರಾಕ್ಸ್ ಅಂಗಡಿಯವನು ನೋಡಿದ. ನೀನು ರಸ್ತೆ ದಾಟಿ ಬಂದದ್ದು ಅವನ ಮೂಗಿನ ಕೆಳಗೇ ತಾನೆ? ಕಣ್ಣರಳಿಸಿ ನೋಡಿದ. ಆಮೇಲೆ ನನ್ನ ಕಡೆ ಬೆರಳಾಡಿಸಿ, "ಯಜಮಾನ್ರೇ, ಇದು ಅತಿಯಾಯ್ತು ನಿಮ್ಮದು. ಯಾರಿಗೆ ವೇಷ ಹಾಕಿಸಿದ್ರಿ?" ಅಂದು ಒಳಗೆ ಹೋದ. ಹೋಗೋನೇ. ಕಳ್ಳರು ಬಂದಿದ್ದಾರೆ ಅಂತ ಅವನನ್ನ ಬರೀ ಬನಿಯನ್ನಲ್ಲಿ ಬೀದಿಗೆ ಓಡಿಸಿದವನು ನಾನು. ಎರಡು ಸಲ.

ಆಗಲೇ ಶಟರು ಇನ್ನೂ ಕೆಳಗೆ, ಮೊಣಕಾಲವರೆಗೆ ಎಳೆದೆ.

ಕೀ ಎಲ್ಲಿಂದ ಬಂತು ಅಂತ ನೆನಪಿದೆ ತಾನೆ? ಆ ಮುದುಕಿ. ಗೊಂಚಲು ತುಂಬ ಹಳೇ ಕೀ ತಂದು ಗುಜರಿಗೆ ಹಾಕ್ಕೊಳ್ಳಿ ಅಂದಳಲ್ಲ. ಅದರಲ್ಲಿ ಒಂದನ್ನ ಬೇರೆ ತೆಗೆದು, "ಇದು ಯಾವ ಬೀಗಕ್ಕೂ ಸೇರಿದ್ದಲ್ಲ. ಮೂರು ಹಲ್ಲಿದೆ. ಮುಷ್ಟಿಯಲ್ಲಿ ಹಿಡಿದು ಏನು ಕೇಳಿದ್ರೂ ಕೊಡುತ್ತೆ, ಒಂದೊಂದಕ್ಕೆ ಒಂದೊಂದು ಹಲ್ಲು ಉದುರುತ್ತೆ. ಏನೂ ಕೇಳಬೇಡಿ" ಅಂದಳು. ಕೇಳಬೇಡಿ ಅನ್ನೋಳು ಯಾಕೆ ತರಬೇಕು ಹೇಳು? ಕೇಳಿದ್ದನ್ನ ವಾಪಸ್ ತಗೋಬಹುದಾ ಅಂತ ನಾನು ತಮಾಷೆಗೆ ಕೇಳಿದೆ. ಅವಳು ನಿನ್ನ ಕೈಯಲ್ಲಿದ್ದ ಅರ ನೋಡಿ, "ಉಜ್ಜಿ ತೆಗೆದ ಹಿತ್ತಾಳೆ ಮತ್ತೆ ತುಂಬ್ತೀರಾ?" ಅಂದಳು. ನೀನು ನಕ್ಕೆ. ಕೀಯನ್ನ ರದ್ದಿ ಡಬ್ಬಿಗೆ ಎಸೆದೆ. ನಾನು ಡಬ್ಬಿಯಿಂದ ಎತ್ತಿಟ್ಟುಕೊಂಡೆ. ನಮ್ಮಿಬ್ಬರ ಜೀವನಚರಿತ್ರೆ ಇಷ್ಟೇ ನೋಡು.

ಮೊದಲು ಏನು ಕೇಳಿದೆ ಅಂತ ಮತ್ತೆ ಶುರು ಮಾಡಬೇಡ. ಸರಿ, ಫ್ಯಾನಲ್ಲ. ಟೀ. ಟೀ ಬಿಸಿಯಾಗಿ ಬರಲಿ ಅಂದೆ. ಆ ಟೀಯವನು ಹನ್ನೆರಡು ವರ್ಷದಿಂದ ಕಾಲು ತೊಳೆದ ನೀರಿನ ಹಾಗಿರೋದನ್ನ ತಂದುಕೊಡ್ತಿದ್ದಾನೆ... ಯಾಕೆ ಆ ಲೋಟದ ಕಡೆ ನೋಡ್ತೀಯ? ಅದು ಈಗಿನದು. ಆರಿದೆ. ಈಗ ಆರಿದೆ. ಬಂದಾಗ... ಬಂದಾಗಲೂ ಆರಿತ್ತು.

ನಗ್ತಿದ್ದೀಯಾ? ಇಲ್ಲ. ತುಟಿ ಒಣಗಿ ಹಾಗೆ ಕಾಣ್ತಿದೆ.

ಆ ದಿನ ಏನಾಯ್ತು ಅಂತ ನಿನಗೇ ಗೊತ್ತು. ಆ ಟೀಚರಮ್ಮ ಬೀರುವಿನ ಕೀ ತಂದ್ರು. ನಾನು ಕೈ ಚಾಚಿದೆ. ನೀನು ಆ ಕಡೆಯಿಂದ, "ಇಲ್ಲಿ ಕೊಡಿ ಮೇಡಂ, ಅದು ನಮ್ಮ ತಮ್ಮನ ಕೈಲಾಗಲ್ಲ" ಅಂದೆ. ನನಗೇನೂ ಬೇಜಾರಾಗಲಿಲ್ಲ. ಖಂಡಿತ ಇಲ್ಲ. ಐವತ್ತೊಂದು ವರ್ಷ ನನಗೆ, ಅರ್ಧ ತಲೆ ಬೋಳು, ಬಗ್ಗಿದ್ರೆ ಸೊಂಟ ಹಿಡಿಯುತ್ತೆ. ನಿನ್ನ ಬಾಯಿಂದ ಕಲಿತು ಇಡೀ ಬೀದಿ ನನ್ನನ್ನ ತಮ್ಮ ಅನ್ನುತ್ತೆ. ಹಾಲಿನವನಿಗೆ ತಮ್ಮ, ಅಂಚೆಯವನಿಗೆ ತಮ್ಮ. ಅತ್ತಿಗೆ ಈ ಮನೆಗೆ ಕಾಲಿಟ್ಟ ದಿನದಿಂದ ತಮ್ಮ. ಜೆರಾಕ್ಸಿನವನ ಮಗಳು, ಇನ್ನೂ ಹಾಲುಹಲ್ಲು ಬಿದ್ದಿಲ್ಲ, "ತಮ್ಮಾ, ನಮ್ಮ ಸೈಕಲ್ ಬೀಗ" ಅಂತ ಬಂದು ನಿಲ್ತಾಳೆ. ಬೇಜಾರು ಯಾಕಾಗುತ್ತೆ? ನಗು ಬರುತ್ತೆ.

ಟೀಚರಮ್ಮ ಹೋದ ಮೇಲೆ ನಾನು ಕೀ ಹಿಡಿದು ಒಂದು ಮಾತು ಹೇಳಿದೆ. ಜೋರಾಗಿ, ನಿನಗೆ ಕೇಳೋ ಹಾಗೆ. ತಮಾಷೆಗೆ. ಏನೋ ಒಂದು. ಟೀ ಅಂತಿಟ್ಕೋ. ಅದನ್ನ ಕೇಳಿ ನೀನು ಹೊಟ್ಟೆ ಹಿಡ್ಕೊಂಡು ನಕ್ಕೆ. ಏನೋ ಹೇಳೋಕೆ ಬಾಯಿ ತೆರೆದೆ. ನನ್ನ ಮುಷ್ಟಿಯೊಳಗೆ ಟಿಕ್ ಅಂತು. ನೀನು ಸ್ಟೂಲಿನಿಂದ ಜಾರಿದೆ.

ನಾನು ಚಪ್ಪಾಳೆ ತಟ್ಟಿದೆ.

ಏನು ಮಾಡಲಿ? ಜೀವಮಾನದಲ್ಲಿ ಮೊದಲ ಸಲ ನೀನು ನನಗೆ ತಿರುಗಿಸಿ ಕೊಟ್ಟೆ ಅಂದ್ಕೊಂಡೆ. ನಲವತ್ತು ವರ್ಷದಿಂದ ಹಾವು ಬಂತು, ಬೆಂಕಿ ಬಿತ್ತು ಅಂತ ನಿನ್ನನ್ನ ಹೆದರಿಸಿದ್ದೆನಲ್ಲ. "ಭಲೇ ಅಣ್ಣ, ಕಣ್ಣು ಕೂಡ ಮಿಟುಕಿಸ್ತಿಲ್ಲ!" ಅಂದೆ. ನಿನ್ನ ಕನ್ನಡಕ ತೆಗೆದು ನಾನು ಹಾಕ್ಕೊಂಡು ನಿನ್ನ ಹಾಗೆ ಕೆಮ್ಮಿ ತೋರಿಸಿದೆ. ಹತ್ತು ನಿಮಿಷ ಅಣ್ಣ. ಹತ್ತು ನಿಮಿಷ ಆಟ ಆಡಿದೆ. ಆಮೇಲೆ ಬೀದಿಗೆ ಓಡಿ ಕೂಗಿದ್ರೆ ಜೆರಾಕ್ಸಿನವನು ಕಾಗದದಿಂದ ತಲೆ ಎತ್ತದೆ, "ನಾಳೆ ಬರ್ತೀನಿ ಸಾಯೋರನ್ನ ನೋಡೋಕೆ" ಅಂದ. ಅವನದೇನು ತಪ್ಪು.

ನೀರು ಕುಡೀತೀಯಾ? ಬೇಡ. ಬೇಡ ಅನ್ನು, ಸಾಕು. ತಲೆ ಅಲ್ಲಾಡಿಸು. ಅದೂ ಇಲ್ಲ.

ಯಾಕೆ ಅಂತ ನನಗೆ ಗೊತ್ತು. ಹೇಳಿದ್ರೆ ಬೈತೀಯ. ಬೈ, ಬೈದ್ರೆ ಒಳ್ಳೇದೇ.

ಕೀಯಲ್ಲಿ ಎರಡು ಹಲ್ಲು ಉಳಿದಿತ್ತು. ನಿನ್ನನ್ನ ವಾಪಸ್ ಕೇಳಬೇಕು ಅಂತ ಹತ್ತು ದಿನದಿಂದ ಅಂದ್ಕೊಳ್ತಿದ್ದೆ, ಧೈರ್ಯ ಬರ್ತಿರಲಿಲ್ಲ. ಇವತ್ತು ಬೆಳಿಗ್ಗೆ ಒಂದು ಬುದ್ಧಿ ಹೊಳೀತು. ನಾವು ಯಾರು? ಕೀ ಮಾಡೋರು! ಅಸಲಿ ಯಾಕೆ ಸವೆಸಬೇಕು? ಡೂಪ್ಲಿಕೇಟ್ ಮಾಡಿ ಅದರಲ್ಲಿ ಕೇಳೋಣ, ಬೇಕಾದಷ್ಟು ಮಾಡ್ಕೊಳ್ಳೋಣ. ನಮ್ಮ ಅಂಗಡಿಯಲ್ಲಿ ಇಂಥ ಬುದ್ಧಿ ಈವರೆಗೆ ಯಾರಿಗೂ ಬಂದಿಲ್ಲ. ಖಾಲಿ ಕೀ ಒಂದು ತೆಗೆದೆ, ಮಷೀನಿಗೆ ಎರಡನ್ನೂ ಕಚ್ಚಿಸಿದೆ, ಕಣ್ಣಲ್ಲಿ ನೀರು... ಹಿತ್ತಾಳೆ ಪುಡಿ ಬಿದ್ದು ನೀರು... ಗಿರ್ ಅನ್ನಿಸಿ ಕೊರೆದೆ.

ಹೌದು. ನೋಡಲಿಲ್ಲ. ಭುಜ ನೋಡಲಿಲ್ಲ.

ಹಿಡಿ ಮುಗಿದು ಹಲ್ಲು ಶುರುವಾಗೋ ಕಡೆ ಆ ಪುಟ್ಟ ಮೆಟ್ಟಿಲು. ಎರಡು ಕೀಗೂ ಅದನ್ನ ಸಮ ಕೂಡಿಸಿಯೇ ಮಷೀನು ಹಾಕಬೇಕು. ಮೂವತ್ತು ವರ್ಷ ದಿನಕ್ಕೆ ಹತ್ತು ಸಲ ನೀನು ಅದನ್ನೇ ಹೇಳ್ತಿದ್ದೆ, "ಮೊದಲು ಭುಜ ನೋಡೋ!" ಅಂತ. ಕೂದಲೆಳೆಯಷ್ಟು ಜಾರಿದ್ರೆ ಹಲ್ಲೆಲ್ಲ ಅಷ್ಟಷ್ಟೇ ಆಚೆಗೆ ಬೀಳುತ್ತೆ. ಅಂಥ ಕೀ ಏನು ಮಾಡುತ್ತೆ? ಬೀಗದೊಳಗೆ ಹೋಗುತ್ತೆ. ಸಲೀಸಾಗಿ ಹೋಗುತ್ತೆ. ತಿರುಗಲ್ಲ.

ಅಂಥದ್ದನ್ನ ಹಿಡಿದು ನಿನ್ನನ್ನ ಕೇಳಿದೆ. ನೀನೂ ಬಂದೆ. ಅರ್ಧ ಇಳಿಸಿದ್ದ ಶಟರ್ ಕೆಳಗೆ ಮೊದಲು ನಿನ್ನ ಕಾಲು ಕಂಡಿತು, ಆಮೇಲೆ ಬಗ್ಗಿ ಒಳಗೆ ಬಂದೆ, ನಿನ್ನ ಸ್ಟೂಲಿನಲ್ಲೇ ಕೂತೆ. ಸಲೀಸಾಗಿ. ಆಮೇಲೆ ತಿರುಗಲಿಲ್ಲ. ಕತ್ತಿನ ಹತ್ತಿರ ನೊಣ ಬಂತು, ಕೂರದೆ ವಾಪಸ್ ಹೋಯ್ತು. ಡೂಪ್ಲಿಕೇಟು ಮುಟ್ಟಿದ್ರೆ ಪುಡಿಪುಡಿ. ಅಸಲಿ ತೆಗೆದು ನೋಡಿದ್ರೆ ಅದರಲ್ಲೂ ಒಂದು ಹಲ್ಲು ಮಾಯ! ನಕಲಿಯಲ್ಲಿ ಕೇಳಿದ್ರೂ ಉದುರಿದ್ದು ಅಸಲಿಯದು. ಆ ಮುದುಕಿ ನನಗಿಂತ ದೊಡ್ಡ ಕುಚೇಷ್ಟೆಯವಳು ಅಣ್ಣ.

ಈಗ ಉಳಿದಿರೋದು ಒಂದು. ಇಗೋ. ಏನು ಕೇಳಬೇಕು ಅಂತ ನನಗೂ ಗೊತ್ತು, ನಿನಗೂ ಗೊತ್ತು. ನೀನು ಹೋಗಿ ಮಲಗಬೇಕು. ಸುಮ್ಮನೆ, ಮೊದಲಿದ್ದ ಹಾಗೆ.

ಎಷ್ಟಾಯ್ತು? ಹನ್ನೆರಡೂ ಐವತ್ತು.

ಕಳಿಸೋ ಮುಂಚೆ ಒಂದು ಕೆಲಸ ಮಾಡು. ದೊಡ್ಡದೇನಲ್ಲ. ಒಂದು ಸಲ ನನ್ನನ್ನ ಕರಿ. ಬೈದಾದ್ರೂ ಕರಿ. "ಭುಜ ನೋಡೋ" ಅಂದ ಮೇಲೆ ಕೊನೆಗೆ ಒಂದು ಮಾತು ಸೇರಿಸ್ತಿದ್ದೆಯಲ್ಲ, ಅದು. ಬರೀ ಅದು. ಅದೇನು ಮಹಾ ಮಾತು, ನಿದ್ದೆಗಣ್ಣಲ್ಲೂ ಹೇಳ್ತಿದ್ದೆ. ಚಿಕ್ಕಂದಿನಲ್ಲಿ ನಾನು ಬಾವಿಕಟ್ಟೆ ಹಿಂದೆ ಬಚ್ಚಿಟ್ಕೊಂಡ್ರೆ ಕತ್ತಲಾಗೋವರೆಗೂ ಅದನ್ನೇ ಕೂಗ್ತಾ ಹುಡುಕ್ತಿದ್ದೆ. ನಾನು ಬಾಯಿ ಮುಚ್ಕೊಂಡು ನಗ್ತಿದ್ದೆ. ಈಗ ನಗಲ್ಲ. ಓ ಅಂತೀನಿ. ತಕ್ಷಣ ಓ ಅಂತೀನಿ. ಕರಿ.

ಹಾಂ... ಬಾಯಿ ತೆರೀತು! ನೋಡು, ನಾಲಿಗೆ ಎದ್ದಿತು. ಹೇಳು. ತ... ಹಾಂ, ತ... ಆಮೇಲೆ? ತುಟಿ ಮುಚ್ಚು ಅಣ್ಣ, ತುಟಿ ಮುಚ್ಚಿದ್ರೆ ಮುಂದಿನದು ತಾನೇ ಬರುತ್ತೆ. ತ...

ಆ ದಿನವೂ ನಿನ್ನ ಮಾತು ಇಲ್ಲೇ ನಿಂತಿತ್ತು. ಸರಿಯಾಗಿ ಇಲ್ಲೇ.

...

ಬರಲ್ಲ ಅಲ್ವಾ?

ನೋಡಬೇಡ ಹಾಗೆ. ಗೊತ್ತಾಯ್ತು ತಾನೆ? ನಿನಗೆ ಆಗಲೇ ಗೊತ್ತಿತ್ತು, ನಿನ್ನ ಮುಂದೇ ಹೇಳಿದ್ದು ತಾನೆ? ಇಷ್ಟು ಹೊತ್ತು ನಾನು ಫ್ಯಾನು, ಟೀ ಅಂತ ಒದರ್ತಿದ್ರೆ ಸುಮ್ಮನೆ ಕೇಳ್ತಾ ಕೂತಿದ್ದೀಯ. ಇದು ಭುಜದ ತಪ್ಪಲ್ಲ. ನೀನಷ್ಟೇ ಅಲ್ಲ, ಹನ್ನೊಂದು ದಿನದಿಂದ ಯಾರ ಬಾಯಲ್ಲೂ ಅದು ಬಂದಿಲ್ಲ. ಹಾಲಿನವನು ಯಜಮಾನ್ರೇ ಅಂತಾನೆ. ಆ ಹಾಲುಹಲ್ಲಿನ ಹುಡುಗಿ ಅಂಕಲ್ ಅಂತಾಳೆ. ಅಂದಾಗೆಲ್ಲ ನೀನು ಹಿಂದೆ ಇದ್ದೀಯೇನೋ ಅಂತ ತಿರುಗಿ ನೋಡ್ತೀನಿ. "ಇನ್ಮೇಲೆ ನನ್ನನ್ನ ಯಾರೂ ತಮ್ಮ ಅಂತ ಕರೀಬಾರದು" ಅಂದೆ. ಜೋರಾಗಿ ಅಂದೆ. ಕೇಳಿದ್ದನ್ನ ಅದು ಚೆನ್ನಾಗಿ ಕೊಟ್ಟಿದೆ. ಒಂದು ಅಕ್ಷರ ಬಿಡದೆ.

ಶ್... ಶಟರು. ಬಂದ್ರು. ಹತ್ತು ನಿಮಿಷ ಮುಂಚೆ.

ಕೇಳಿದೆಯಾ? "ಒಳಗಿದ್ದೀರಾ?" ಅಂತಾರೆ. ಇದ್ದೀರಾ ಅಂತೆ. ಅತ್ತಿಗೆ, ನನಗೆ.

ಕನ್ನಡಕ ಕೊಡ್ತೀನಿ. ಕೇಳಿದ್ರೆ ಈ ಸಲ ನಿಜಾನೇ ಹೇಳ್ತೀನಿ, ಅರ್ಧ ಮಾತಿಗೇ ನಿಂತ ಅಂತ. ನಂಬಲ್ಲ ಬಿಡು. ನನ್ನ ಮಾತು ಯಾರು ನಂಬ್ತಾರೆ?

ಕಣ್ಣು ಮುಚ್ಕೋ ಅಣ್ಣ. ಇದು ಅಸಲಿ. ಈ ಸಲ ಭುಜ ನೋಡಿದ್ದೀನಿ. ಎರಡು ಸಲ ನೋಡಿದ್ದೀನಿ.

...

ಹಾಂ, ಬಂದೆ ಅತ್ತಿಗೆ, ಶಟರ್ ಎತ್ತುತ್ತೀನಿ... ಮಾತು ಕೇಳಿಸ್ತಾ? ಯಾರೂ ಇಲ್ಲ ಅತ್ತಿಗೆ. ಒಬ್ಬನೇ ಇದ್ದೀನಿ.